‘ಅಂತೆ’ ಉದುರುವ ಜಾಗ

ಕನ್ನಡದಲ್ಲಿ ‘ಅಂತೆ’ ಎಂಬ ಎರಡಕ್ಷರ ಮಾಡುವ ಕೆಲಸ ಸಣ್ಣದಲ್ಲ. ‘ಮಳೆ ಬಂತು’ ಎಂದವರು ಮಳೆಯನ್ನು ಕಂಡಿದ್ದಾರೆ. ‘ಮಳೆ ಬಂತಂತೆ’ ಎಂದವರು ಯಾರೋ ಹೇಳಿದ್ದನ್ನು ದಾಟಿಸುತ್ತಿದ್ದಾರೆ. ಕಂಡ ಮಾತು ಯಾವುದು, ಕೇಳಿದ ಮಾತು ಯಾವುದು ಎಂಬುದನ್ನು ಭಾಷೆಯೇ ಕ್ರಿಯಾಪದದ ತುದಿಗೆ ಕಟ್ಟಿಕೊಟ್ಟಿದೆ. ಆದರೆ ಸಂದೇಶವೊಂದು ಮೊಬೈಲಿನಿಂದ ಮೊಬೈಲಿಗೆ ಹೋಗುವಾಗ ಮೊದಲು ಉದುರುವುದೂ ಇದೇ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಅಂಕೋಲಾದಲ್ಲಿ ಉದ್ದೇಶಿಸಿರುವ ಕೇಣಿ ಬಂದರಿನ ಮಾತನ್ನೇ ಉದಾಹರಣೆಗೆ ಇಟ್ಟುಕೊಳ್ಳಿ. ‘ಬಂದರಿಗೆ ಪರಿಸರ ಅನುಮತಿ ಸಿಗುತ್ತದಂತೆ’ ಎಂದು ಬೆಳಿಗ್ಗೆ ಒಬ್ಬರು ಬರೆದರೆ ಮಧ್ಯಾಹ್ನಕ್ಕೆ ಅದು ‘ಸಿಗುತ್ತದೆ’ ಆಗುತ್ತದೆ, ರಾತ್ರಿ ಊಟದ ಹೊತ್ತಿಗೆ ‘ಸಿಕ್ಕಿದೆ, ನಮ್ಮ ಶಾಸಕರು ಬಾಯಿ ಬಿಡುತ್ತಿಲ್ಲ’ ಎಂದಾಗಿರುತ್ತದೆ. ನಡುವೆ ಯಾರೂ ಬೇಕೆಂದು ಸುಳ್ಳು ಹೇಳಿಲ್ಲ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಚೂರು ಉದುರಿದೆ, ಅಷ್ಟೇ. ರಾಜಕೀಯ ಚರ್ಚೆಯಲ್ಲಿ ಯಾರನ್ನು ನಂಬಬೇಕು ಎಂಬ ಪ್ರಶ್ನೆಯನ್ನು ಜನ ಸಾಮಾನ್ಯವಾಗಿ ಮುಖ ನೋಡಿ, ಪಕ್ಷ ನೋಡಿ ಬಗೆಹರಿಸಿಕೊಳ್ಳುತ್ತಾರೆ. ಉದುರಿದ ಪದ ಯಾವುದು, ಅದು ಎಲ್ಲಿ ಉದುರಿತು ಎಂದು ಹುಡುಕುವುದು ಅದಕ್ಕಿಂತ ಬೇಗ ದಾರಿ ತೋರಿಸುತ್ತದೆ. ಉದುರುವುದು ‘ಅಂತೆ’ ಒಂದೇ ಅಲ್ಲ. ‘ಕರಡು’, ‘ಅಂದಾಜು’, ‘ಗರಿಷ್ಠ’, ‘ತಾತ್ವಿಕ’, ತಾರೀಕು, ತಾಲ್ಲೂಕಿನ ಹೆಸರು, ಅಳತೆಯ ಮಾನ, ಹೀಗೆ ಪಟ್ಟಿ ಉದ್ದವಿದೆ.

ಅಳತೆಯ ಮಾನದಿಂದ ಶುರು ಮಾಡುವುದು ಸುಲಭ. ಕಾಳಿ ನದಿ ತುಂಬಿದಾಗ ‘ಕದ್ರಾ ಅಣೆಕಟ್ಟೆಯಿಂದ 50 ಸಾವಿರ ಟಿಎಂಸಿ ನೀರು ಬಿಟ್ಟಿದ್ದಾರೆ’ ಎಂಬಂಥ ಸಾಲು ಕಂಡರೆ ಅಲ್ಲಿಯೇ ನಿಲ್ಲಬೇಕು. ಅದೇ ನದಿಯ ಸೂಪಾ ಜಲಾಶಯ ಪೂರ್ತಿ ತುಂಬಿದಾಗ ಇರುವುದು ಸುಮಾರು 147 ಟಿಎಂಸಿ. 50 ಸಾವಿರ ಟಿಎಂಸಿ ಎಂದರೆ ಅಂಥ 340 ಸೂಪಾ ಬೇಕು. ಬರೆದವರು ಹೇಳಹೊರಟದ್ದು ಕ್ಯೂಸೆಕ್. ಟಿಎಂಸಿ ಎಂಬುದು ನೀರಿನ ಮೊತ್ತ, 100 ಕೋಟಿ ಘನ ಅಡಿ. ಕ್ಯೂಸೆಕ್ ಎಂಬುದು ಹರಿವು, ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್. 11,574 ಕ್ಯೂಸೆಕ್ ನೀರು ಹಗಲೂ ರಾತ್ರಿ ಒಂದು ದಿನ ಹರಿದರೆ 1 ಟಿಎಂಸಿ. ಆ ಲೆಕ್ಕದಲ್ಲಿ 50 ಸಾವಿರ ಕ್ಯೂಸೆಕ್ ಒಂದು ದಿನಕ್ಕೆ 4.3 ಟಿಎಂಸಿ ಆಗುತ್ತದೆ. ನದಿ ಜೋಡಣೆಯ ಕಾಗದಗಳಲ್ಲಿ ಇದೇ ನೀರು ದಶಲಕ್ಷ ಘನ ಮೀಟರಿನಲ್ಲಿ ಇರುತ್ತದೆ. ಅದನ್ನು 28.3ರಿಂದ ಭಾಗಿಸಿದರೆ ಟಿಎಂಸಿ ಸಿಗುತ್ತದೆ. ಬೇಡ್ತಿ–ವರದಾ ನದಿಗಳ ಜೋಡಣೆ ಕುರಿತು ಒಬ್ಬರು ಒಂದು ಅಂಕಿ, ಇನ್ನೊಬ್ಬರು ಇನ್ನೊಂದು ಅಂಕಿ ಹಿಡಿದು ಜಗಳಕ್ಕೆ ನಿಂತಾಗ ಇಬ್ಬರೂ ಹೇಳುತ್ತಿರುವುದು ಒಂದೇ ನೀರನ್ನೇ ಎಂದು ಎಷ್ಟೋ ಸಲ ಈ ಒಂದು ಭಾಗಾಕಾರದಲ್ಲೇ ಗೊತ್ತಾಗುತ್ತದೆ.

ಇಲ್ಲೊಂದು ಎಚ್ಚರ ಬೇಕು. ಮಾನ ತಪ್ಪಿದೆ ಎಂದ ಮಾತ್ರಕ್ಕೆ ನೆರೆ ಸುಳ್ಳಾಗುವುದಿಲ್ಲ. ಕೆಳದಂಡೆಯವರಿಗೆ ಎಷ್ಟು ಗಂಟೆ ಮುಂಚೆ ಎಚ್ಚರಿಕೆ ಕೊಟ್ಟರು ಎಂಬ ಪ್ರಶ್ನೆ ಹಾಗೆಯೇ ನಿಂತಿರುತ್ತದೆ. ತಪ್ಪು ಅಂಕಿಯನ್ನು ಹಿಡಿದು ಎಳೆದಾಡಿ ಆ ಪ್ರಶ್ನೆಯನ್ನು ಮುಳುಗಿಸುವವರು ಅಂಕಿ ತಪ್ಪಿಸಿದವರಿಗಿಂತ ಹೆಚ್ಚು ಹಾನಿ ಮಾಡುತ್ತಾರೆ. ತಪ್ಪು ಅಂಕಿ ಹೇಳುವುದು ಇಷ್ಟೇ: ಬರೆದವರು ಮೂಲ ಪ್ರಕಟಣೆಯನ್ನು ನೋಡಿಲ್ಲ.

ಹಾಗಾದರೆ ಮೂಲದ ಬೆಲೆ ಕಟ್ಟುವುದು ಹೇಗೆ? ನಮ್ಮ ತರ್ಕಶಾಸ್ತ್ರದಲ್ಲಿ ಇದಕ್ಕೆ ಹಳೆಯದಾದ, ಇಂದಿಗೂ ಸವೆಯದ ಉತ್ತರವೊಂದಿದೆ. ಆಪ್ತವಾಕ್ಯ ಪ್ರಮಾಣ ಎನ್ನುತ್ತೇವಲ್ಲ, ಆ ಆಪ್ತ ಯಾರು? ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನನ ಪ್ರಕಾರ, ವಿಷಯವನ್ನು ನೇರವಾಗಿ ಬಲ್ಲವನು ಮತ್ತು ಬಲ್ಲಂತೆಯೇ ಹೇಳಬೇಕೆಂಬ ಮನಸ್ಸುಳ್ಳವನು ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದೂ ಅವನು ಸೇರಿಸುತ್ತಾನೆ. ಅಷ್ಟು ಹಿಂದೆಯೇ ಹೇಳಿಟ್ಟ ಈ ಮಾತನ್ನು ಇಂದಿನ ಚರ್ಚೆಗಳಲ್ಲಿ ಪಾಲಿಸುವವರು ಎಷ್ಟು ಕಡಿಮೆ! ಎರಡು ಷರತ್ತುಗಳೂ ಬೇರೆ ಬೇರೆ. ಶರಾವತಿ ಭೂಗತ ವಿದ್ಯುತ್ ಯೋಜನೆಯ ಸುರಂಗದ ಬಗ್ಗೆ ಭೂವಿಜ್ಞಾನಿಗೆ ಗೊತ್ತಿರುತ್ತದೆ, ಹೇಳುವ ಮನಸ್ಸೋ ಸ್ವಾತಂತ್ರ್ಯವೋ ಇಲ್ಲದಿರಬಹುದು. ಊರಿನ ಹಿರಿಯರಿಗೆ ಹೇಳುವ ಮನಸ್ಸು ಪೂರ್ತಿ ಇರುತ್ತದೆ, ನೇರವಾಗಿ ಗೊತ್ತಿಲ್ಲದಿರಬಹುದು. ಒಂದೇ ಮನುಷ್ಯ ಒಂದು ವಿಷಯಕ್ಕೆ ಆಪ್ತನಾಗಿ ಇನ್ನೊಂದಕ್ಕೆ ಆಗದಿರುವುದೂ ಉಂಟು. ಮೀನುಗಾರರು ಯಾವ ತಿಂಗಳಲ್ಲಿ ಬಲೆಗೆ ಏನು ಬೀಳುತ್ತದೆ ಎಂದಾಗ ಅವರಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಬಂದರಿನ ಗುತ್ತಿಗೆ ಎಷ್ಟು ವರ್ಷಕ್ಕೆ ಎಂಬುದಕ್ಕೆ ಕಾಗದವನ್ನೇ ನೋಡಬೇಕು.

ಕಾರವಾರ ನೌಕಾನೆಲೆಯ ಊರು. ಬ್ರಿಟನ್ನಿನ ನೌಕಾಪಡೆಯ ಗುಪ್ತಚರ ಕೆಲಸದಲ್ಲಿ ರೂಢಿಗೆ ಬಂದ ಒಂದು ಪದ್ಧತಿ ಇಲ್ಲಿ ಹೇಳಿದರೆ ಹೊಂದುತ್ತದೆ. ಬಂದ ಸುದ್ದಿಗೆ ಎರಡು ಗುರುತು ಹಾಕುತ್ತಾರೆ. ತಂದವರಿಗೆ ಎ ಯಿಂದ ಎಫ್‌ವರೆಗೆ ಒಂದು ಅಕ್ಷರ, ಸುದ್ದಿಗೆ 1ರಿಂದ 6ರವರೆಗೆ ಒಂದು ಅಂಕಿ. ಎ ಎಂದರೆ ಪೂರ್ತಿ ನಂಬಬಹುದಾದವರು, ಇ ಎಂದರೆ ನಂಬಲಾಗದವರು. 1 ಎಂದರೆ ಬೇರೆ ಕಡೆಯಿಂದಲೂ ದೃಢಪಟ್ಟದ್ದು, 5 ಎಂದರೆ ಆಗಿರಲಾರದ್ದು. ಎಫ್ ಮತ್ತು 6ಕ್ಕೆ ಅರ್ಥ ಬೇರೆ: ‘ತೂಗಿ ನೋಡಲು ನಮ್ಮಲ್ಲಿ ಆಧಾರವಿಲ್ಲ’ ಎಂದು. ಒಂದು ಗುರುತು ಇನ್ನೊಂದನ್ನು ಎಳೆದುಕೊಂಡು ಹೋಗಬಾರದು ಎಂಬುದೇ ಇದರ ಜೀವ. ಇಪ್ಪತ್ತು ವರ್ಷದಿಂದ ತಾಲ್ಲೂಕು ಸುದ್ದಿ ಬರೆಯುವ ವರದಿಗಾರರು ಒಬ್ಬರೇ ಬರೆದ, ಬೇರೆಲ್ಲೂ ಕಾಣದ ಸುದ್ದಿ ಬಿ3 ಆಗಬಹುದು. ಹೆಸರಿಲ್ಲದ ಫಾರ್ವರ್ಡಿನಲ್ಲಿ ಸರ್ಕಾರಿ ಆದೇಶದ ಸಂಖ್ಯೆ, ತಾರೀಕು ಇದ್ದು ಅದು ತಾಳೆಯಾದರೆ ಎಫ್1. ಹೆಚ್ಚಿನ ಸಂದೇಶಗಳಿಗೆ ಪ್ರಾಮಾಣಿಕವಾಗಿ ಹಾಕಬಹುದಾದ ಗುರುತು ಎಫ್6. ಆ ಗುರುತು ಹಾಕಿ ಸುಮ್ಮನಿರಲು ಬರುವುದು ದೊಡ್ಡ ಕಸುಬು.

ದೃಢಪಡುವುದು ಎಂದರೆ ಹತ್ತು ಕಡೆ ಕಾಣಿಸುವುದಲ್ಲ. ನಾಲ್ಕು ಪುಟಗಳಲ್ಲಿ ಒಂದೇ ಸುದ್ದಿ ಇದ್ದು, ನಾಲ್ಕರಲ್ಲೂ ಒಂದೇ ಅಕ್ಷರದೋಷ ಇದ್ದರೆ ಮೂಲ ಒಂದೇ. ಹೀಗಾಗಿ ತಪ್ಪುಗಳನ್ನು ಗಮನಿಸಬೇಕು. ಸರಿಯಾದ ವಾಕ್ಯವನ್ನು ಇಬ್ಬರು ಬೇರೆ ಬೇರೆಯಾಗಿ ಬರೆಯಬಹುದು, ‘ಅನುಮೊದನೆ’ ಎಂಬ ತಪ್ಪನ್ನು ಇಬ್ಬರೂ ಅದೇ ಜಾಗದಲ್ಲಿ ಮಾಡುವುದು ಅಪರೂಪ.

ಈಗ ಒಂದು ಕಾಗದವನ್ನು ಹತ್ತಿರದಿಂದ ನೋಡೋಣ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಮಾತು ಎದ್ದಾಗಲೆಲ್ಲ ಎರಡು ವಾಕ್ಯಗಳು ಎದುರುಬದುರು ನಿಲ್ಲುತ್ತವೆ. ಒಂದು, ‘ಇದು ಜಾರಿಯಾದರೆ ಮನೆ ರಿಪೇರಿಗೂ ಅನುಮತಿ ಸಿಗುವುದಿಲ್ಲ’. ಇನ್ನೊಂದು, ‘ಸಾಮಾನ್ಯ ಜನರಿಗೆ ಇದರಿಂದ ಏನೇನೂ ತೊಂದರೆಯಿಲ್ಲ’. ಎರಡನ್ನೂ ಹೇಳುವವರಲ್ಲಿ ಹೆಚ್ಚಿನವರು ಕಾಗದವನ್ನು ತೆರೆದಿರುವುದಿಲ್ಲ.

ಮೊದಲು ಯಾವ ಕಾಗದ ಎಂದು ಗೊತ್ತುಮಾಡಿಕೊಳ್ಳಬೇಕು. ಮಾಧವ ಗಾಡ್ಗೀಳ್ ಸಮಿತಿಯ ವರದಿ 2011ರದ್ದು. ಅದು ಇಡೀ ಘಟ್ಟವನ್ನು ಮೂರು ವಲಯವಾಗಿ ವಿಂಗಡಿಸಿತ್ತು. ಕಸ್ತೂರಿರಂಗನ್ ಸಮಿತಿಯದ್ದು 2013ರದ್ದು, ಘಟ್ಟದ ಸುಮಾರು ಶೇ 37 ಭಾಗವನ್ನು ಮಾತ್ರ ಸೂಕ್ಷ್ಮ ಎಂದು ಗುರುತಿಸಿತು. ಇವೆರಡೂ ವರದಿಗಳು. ಕೇಂದ್ರ ಹೊರಡಿಸಿದ್ದು ಅಧಿಸೂಚನೆಗಳು, ಅವೂ ಕರಡುಗಳು: 2014ರ ಮಾರ್ಚ್, 2015ರ ಸೆಪ್ಟೆಂಬರ್, 2017ರ ಫೆಬ್ರವರಿ, 2018ರ ಅಕ್ಟೋಬರ್, 2022ರ ಜುಲೈ, ಆರನೆಯದು 2024ರ ಜುಲೈ 31. ಆ ಆರನೇ ಕರಡಿನಲ್ಲಿ ಆರು ರಾಜ್ಯಗಳ ಸುಮಾರು 56,800 ಚದರ ಕಿಲೋಮೀಟರ್ ಇದೆ, ಕರ್ನಾಟಕದ ಪಾಲು 20,668. ಆ ವರ್ಷ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಆರು ಸಲವೂ ‘ಕರಡು’ ಎಂಬ ಪದವೇ ಉದುರಿ ‘ಜಾರಿಯಾಯಿತು’ ಎಂಬ ಗುಲ್ಲೆದ್ದಿತು. ಗಾಡ್ಗೀಳ್ ವರದಿಯ ಒಂದು ಶಿಫಾರಸನ್ನು ಕಸ್ತೂರಿರಂಗನ್ ಹೆಸರಿಗೆ ಅಂಟಿಸಿ, ಅದನ್ನು ಕಾನೂನು ಎಂದು ಕರೆಯುವ ಬರಹ ಈಗಲೂ ಸಿಗುತ್ತದೆ. ಒಂದೇ ಸಾಲಿನಲ್ಲಿ ಮೂರು ತಪ್ಪು.

ಕರಡನ್ನು ತೆರೆದರೆ ನಿಷೇಧದ ಪಟ್ಟಿ ಚಿಕ್ಕದು. ಗಣಿಗಾರಿಕೆ, ಕಲ್ಲುಗಣಿ, ಮರಳುಗಾರಿಕೆ ಪೂರ್ತಿ ನಿಷೇಧ. ಈಗಿರುವ ಗಣಿಗಳು ಅಂತಿಮ ಅಧಿಸೂಚನೆಯಿಂದ ಐದು ವರ್ಷದೊಳಗೆ ಅಥವಾ ಗುತ್ತಿಗೆ ಮುಗಿದಾಗ, ಯಾವುದು ಮೊದಲೋ ಆಗ ಮುಚ್ಚಬೇಕು. ಹೊಸ ಉಷ್ಣ ವಿದ್ಯುತ್ ಸ್ಥಾವರ ಇಲ್ಲ. ಹೆಚ್ಚು ಮಾಲಿನ್ಯ ಮಾಡುವ ‘ಕೆಂಪು’ ವರ್ಗದ ಹೊಸ ಕೈಗಾರಿಕೆ ಇಲ್ಲ. 20,000 ಚದರ ಮೀಟರ್ ಮತ್ತು ಅದಕ್ಕೂ ಮಿಗಿಲಾದ ಕಟ್ಟಡ ಇಲ್ಲ. ಅದರ ಬೆನ್ನಿಗೇ, ಈಗಿರುವ ವಾಸದ ಮನೆಗಳ ದುರಸ್ತಿ, ವಿಸ್ತರಣೆ, ನವೀಕರಣಕ್ಕೆ ಚಾಲ್ತಿಯ ಕಾನೂನಿನಂತೆ ನಿರ್ಬಂಧವಿಲ್ಲ ಎಂಬ ಮಾತಿದೆ. 20,000 ಚದರ ಮೀಟರ್ ಎಂದರೆ 2 ಲಕ್ಷ 15 ಸಾವಿರ ಚದರ ಅಡಿ. 1,200 ಚದರ ಅಡಿಯ ಮನೆಯಾದರೆ ಸುಮಾರು 180 ಮನೆ. ಹಾಗಾಗಿ ಮೊದಲ ವಾಕ್ಯ ಕಾಗದದ ಎದುರು ನಿಲ್ಲುವುದಿಲ್ಲ.

ಎರಡನೆಯದು ನಿಲ್ಲುತ್ತದೆಯೇ? ಅದೂ ಇಲ್ಲ, ಇಲ್ಲಿ ಸ್ಥಳ ಬಲ್ಲವರ ಕಣ್ಣು ಬೇಕು. ಕರಾವಳಿಯಲ್ಲೂ ಘಟ್ಟದ ಅಂಚಿನಲ್ಲೂ ಮನೆ ಏಳುವುದು ಚಿರೆಕಲ್ಲಿನಿಂದ, ಹೊಳೆಯ ಮರಳಿನಿಂದ. ಮನೆ ದುರಸ್ತಿಗೆ ಅಡ್ಡಿಯಿಲ್ಲ, ಆದರೆ ಹತ್ತಿರದ ಚಿರೆಕಲ್ಲು ಕ್ವಾರಿ ಮುಚ್ಚಬೇಕು ಎಂದರೆ ಕಲ್ಲು ದೂರದಿಂದ ಬರಬೇಕು, ಲಾರಿ ಬಾಡಿಗೆ ಕಲ್ಲಿನ ಬೆಲೆಗೆ ಸೇರಬೇಕು. ‘ರಿಪೇರಿಗೆ ಬಿಡುವುದಿಲ್ಲ’ ಎಂಬ ಸುಳ್ಳಿನ ಅಡಿಯಲ್ಲಿ ‘ರಿಪೇರಿ ದುಬಾರಿಯಾಗುತ್ತದೆ’ ಎಂಬ ನಿಜವಾದ ಆತಂಕ ಕೂತಿರಬಹುದು. ಸುಳ್ಳನ್ನು ಬಯಲು ಮಾಡುವವರು ಆ ಆತಂಕಕ್ಕೂ ಉತ್ತರ ಕೊಡಬೇಕು. ಇಲ್ಲದಿದ್ದರೆ ಅವರ ಸತ್ಯವನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅಂದಹಾಗೆ, ಕರಡಿನ ಜೊತೆ ಗ್ರಾಮಗಳ ಪಟ್ಟಿ ಇರುತ್ತದೆ, ತಾಲ್ಲೂಕುವಾರು. ನಮ್ಮೂರು ಇದೆಯೋ ಇಲ್ಲವೋ ಎಂದು ನೋಡಲು ಐದು ನಿಮಿಷ ಸಾಕು. ಆ ಐದು ನಿಮಿಷ ಕೊಡದೆ ಐದು ತಿಂಗಳು ವಾದ ನಡೆದ ಗ್ರೂಪುಗಳಿವೆ.

ದುಡ್ಡಿನ ಮಾತಿಗೆ ಬಂದರೆ ಉದುರುವ ಪದಗಳು ಇನ್ನೂ ಹೆಚ್ಚು. ಬ್ಯಾನರಿನಲ್ಲಿ ‘ಕ್ಷೇತ್ರಕ್ಕೆ 50 ಕೋಟಿ ತಂದರು’ ಎಂದಿರುತ್ತದೆ. ಆ 50 ಕೋಟಿ ಯಾವ ಮೆಟ್ಟಿಲಿನಲ್ಲಿದೆ? ಘೋಷಣೆ ಒಂದು ಮೆಟ್ಟಿಲು. ಆಡಳಿತಾತ್ಮಕ ಅನುಮೋದನೆ ಇನ್ನೊಂದು, ಇದು ಆದೇಶ ಸಂಖ್ಯೆಯೊಂದಿಗೆ ಕಾಗದದ ಮೇಲೆ ಬರುತ್ತದೆ. ಆಮೇಲೆ ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ. ಕೆಲಸ ನಡೆದಂತೆ ಎಂಜಿನಿಯರ್ ಎಂ.ಬಿ. ಪುಸ್ತಕದಲ್ಲಿ ಅಳತೆ ದಾಖಲಿಸುತ್ತಾರೆ, ಬಿಲ್ ಆಗುತ್ತದೆ, ದುಡ್ಡು ಬಿಡುಗಡೆಯಾಗುತ್ತದೆ, ಕೊನೆಗೆ ವೆಚ್ಚ ಎಂದು ಲೆಕ್ಕಕ್ಕೆ ಸೇರುತ್ತದೆ. ಆಳುವವರು ಮೇಲಿನ ಮೆಟ್ಟಿಲಿನ ಅಂಕಿ ಹೇಳುತ್ತಾರೆ, ವಿರೋಧಿಸುವವರು ಕೆಳಗಿನ ಮೆಟ್ಟಿಲಿನದ್ದು ಹೇಳುತ್ತಾರೆ. ‘50 ಕೋಟಿ ಬಂದಿದೆ’, ‘3 ಕೋಟಿಯೂ ಬಂದಿಲ್ಲ’ ಎಂಬ ಎರಡೂ ಒಂದೇ ದಿನ, ಒಂದೇ ಕಾಮಗಾರಿಗೆ ನಿಜವಾಗಿರಲು ಸಾಧ್ಯ. ‘ಯಾವ ಮೆಟ್ಟಿಲು?’ ಎಂಬ ಒಂದು ಪ್ರಶ್ನೆ ಅರ್ಧ ಜಗಳವನ್ನು ಮುಗಿಸುತ್ತದೆ.

ಬಜೆಟ್ ಪುಸ್ತಕದಲ್ಲೂ ಹೀಗೆಯೇ. ಒಂದೇ ಬಾಬಿನ ಎದುರು ಎರಡು ವರ್ಷ ಹಿಂದಿನ ‘ಲೆಕ್ಕ’, ನಡೆಯುತ್ತಿರುವ ವರ್ಷದ ‘ಆಯವ್ಯಯ ಅಂದಾಜು’ ಮತ್ತು ‘ಪರಿಷ್ಕೃತ ಅಂದಾಜು’, ಬರುವ ವರ್ಷದ ‘ಅಂದಾಜು’ ಇರುತ್ತವೆ. ಒಂದು ಸರ್ಕಾರದ ಅಂದಾಜನ್ನು ಇನ್ನೊಂದು ಸರ್ಕಾರದ ಲೆಕ್ಕಕ್ಕೆ ಹೋಲಿಸಿದರೆ ಬೇಕಾದವರನ್ನು ಗೆಲ್ಲಿಸಬಹುದು. ಲೆಕ್ಕಕ್ಕೆ ಲೆಕ್ಕ, ಅಂದಾಜಿಗೆ ಅಂದಾಜು, ಅಷ್ಟೇ ಹೋಲಿಕೆ. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು 2019ರಲ್ಲಿ ಒಮ್ಮೆ, 2022ರ ಜುಲೈನಲ್ಲಿ ರೋಗಿಯನ್ನು ಜಿಲ್ಲೆಯ ಹೊರಗೆ ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ನಾಲ್ವರು ತೀರಿಕೊಂಡ ಮೇಲೆ ಇನ್ನೊಮ್ಮೆ ಜಾಲತಾಣಗಳಲ್ಲಿ ಎದ್ದಿತು. ಅಷ್ಟು ನೋವಿನಿಂದ ಎದ್ದ ಕೂಗಿಗೆ ಬರುವ ಪ್ರತಿಯೊಂದು ಭರವಸೆಯನ್ನೂ ಈ ಮೆಟ್ಟಿಲುಗಳ ಮೇಲೆ ಇಟ್ಟು ನೋಡುವುದು ಜನ ಮಾಡಲೇಬೇಕಾದ ಕೆಲಸ.

ಇದಕ್ಕೆ ಸಾಧನ ಇದೆ. ಸದನದಲ್ಲಿ ಶಾಸಕರು ಕೇಳಿದ ಚುಕ್ಕೆ ಗುರುತಿನ, ಚುಕ್ಕೆ ರಹಿತ ಪ್ರಶ್ನೆಗಳಿಗೆ ಸಚಿವರು ಕೊಟ್ಟ ಲಿಖಿತ ಉತ್ತರ ವೇದಿಕೆಯ ಭಾಷಣಕ್ಕಿಂತ ಗಟ್ಟಿ, ಯಾಕೆಂದರೆ ಸದನಕ್ಕೆ ತಪ್ಪು ಮಾಹಿತಿ ಕೊಟ್ಟರೆ ಹಕ್ಕುಚ್ಯುತಿಯ ಪ್ರಶ್ನೆ ಬರುತ್ತದೆ. ಅಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ: ಶುಲ್ಕ 10 ರೂಪಾಯಿ, ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಉತ್ತರಕ್ಕೆ 30 ದಿನ. ಅರ್ಜಿ ಕೆಡುವುದು ಪ್ರಶ್ನೆ ಕೇಳುವ ರೀತಿಯಲ್ಲಿ. ‘ಕೆಲಸ ಯಾಕೆ ಆಗಿಲ್ಲ?’ ಎಂದರೆ ಬರುವುದು ಜಾರಿಕೆಯ ಉತ್ತರ, ಕಾಯ್ದೆ ಕೊಡಿಸುವುದು ದಾಖಲೆಯನ್ನೇ ಹೊರತು ಕಾರಣವನ್ನಲ್ಲ. ‘ಇಂಥ ಕಾಮಗಾರಿಯ ಆಡಳಿತಾತ್ಮಕ ಅನುಮೋದನೆ ಆದೇಶದ ಪ್ರತಿ, ಕಾರ್ಯಾದೇಶದ ಪ್ರತಿ, ಇಂದಿನವರೆಗೆ ಪಾವತಿಯಾದ ಬಿಲ್‌ಗಳ ದಿನಾಂಕ ಮತ್ತು ಮೊತ್ತ’ ಎಂದು ಕೇಳಿದರೆ ಮೆಟ್ಟಿಲು ತಾನಾಗಿ ತೋರುತ್ತದೆ.

ಮತದ ಅಂಕಿಗಳಲ್ಲಿ ನಮ್ಮ ಜಿಲ್ಲೆಗೇ ಸೇರಿದ ಒಂದು ಗೊಂದಲವಿದೆ. ಉತ್ತರ ಕನ್ನಡ ಲೋಕಸಭಾ ಕ್ಷೇತ್ರವೂ ಉತ್ತರ ಕನ್ನಡ ಜಿಲ್ಲೆಯೂ ಒಂದಲ್ಲ. ಕ್ಷೇತ್ರದಲ್ಲಿ ಬೆಳಗಾವಿ ಜಿಲ್ಲೆಯ ಖಾನಾಪುರ ಮತ್ತು ಕಿತ್ತೂರು ಸೇರಿವೆ. ಎಂಟರಲ್ಲಿ ಎರಡು ವಿಧಾನಸಭಾ ಕ್ಷೇತ್ರ ಹೊರಗಿನವು. ಲೋಕಸಭೆಯ ಮತದಿಂದ ‘ಜಿಲ್ಲೆಯ ಜನ ಹೀಗೆ ತೀರ್ಪು ಕೊಟ್ಟರು’ ಎನ್ನುವ ಮೊದಲು ಚುನಾವಣಾ ಆಯೋಗದ ಫಾರಂ 20 ತೆಗೆದು ಆ ಎರಡನ್ನು ಬೇರ್ಪಡಿಸಬೇಕು. ಅದರಲ್ಲಿ ಮತಗಟ್ಟೆವಾರು ಅಂಕಿಯೇ ಇರುತ್ತದೆ. ಅಭ್ಯರ್ಥಿಯ ಆಸ್ತಿ, ಮೊಕದ್ದಮೆಗಳಿಗೆ ಫಾರಂ 26ರ ಪ್ರಮಾಣಪತ್ರ ನೋಡಬೇಕು.

ಇನ್ನು ಹಿತಾಸಕ್ತಿ. ‘ಪರಿಸರ ಪರಿಣಾಮದ ವರದಿ ಬರೆಸಿದ್ದು ಕಂಪನಿಯೇ, ಅದನ್ನು ನಂಬುವುದು ಹೇಗೆ?’ ಎಂಬ ಮಾತು ಬಂದರಿನ ಚರ್ಚೆಯಲ್ಲಿ ಬಂದೇ ಬರುತ್ತದೆ. ಅದು ಸರಿಯಾದ ಗಮನಿಕೆ. ಪರಿಸರ ಪರಿಣಾಮ ಅಧ್ಯಯನ ಕುರಿತ 2006ರ ಅಧಿಸೂಚನೆಯ ವ್ಯವಸ್ಥೆಯಲ್ಲಿ ಸಲಹೆಗಾರರಿಗೆ ದುಡ್ಡು ಕೊಡುವುದು ಯೋಜನೆ ಮಾಡುವವರೇ. ಆದರೆ ದುಡ್ಡು ಯಾರದ್ದು ಎಂಬುದು ಎಲ್ಲಿ ಹೆಚ್ಚು ತಿಕ್ಕಿ ನೋಡಬೇಕು ಎಂದು ಹೇಳುತ್ತದೆ, ವರದಿಯ ಯಾವ ಪುಟ ತಪ್ಪು ಎಂದು ಹೇಳುವುದಿಲ್ಲ. ತಪ್ಪು ಸಿಗುವ ಜಾಗಗಳು ಗೊತ್ತಿರುವಂಥವೇ: ಮಾದರಿ ಸಂಗ್ರಹಿಸಿದ ತಿಂಗಳು ಯಾವುದು, ಮೀನು ಮೊಟ್ಟೆಯಿಡುವ ಕಾಲ ಅದರಲ್ಲಿ ಸೇರಿತ್ತೇ, ದೋಣಿಗಳ ಎಣಿಕೆ ಯಾವ ವರ್ಷದ್ದು, ಬೇರೆ ಬಂದರಿನ ವರದಿಯ ಪ್ಯಾರಾ ಹೆಸರು ಬದಲಿಸದೆ ಉಳಿದಿದೆಯೇ. ಸಾರ್ವಜನಿಕ ಅಹವಾಲಿಗೆ ಕನಿಷ್ಠ 30 ದಿನ ಮೊದಲು ನೋಟಿಸ್ ಬರಬೇಕು. ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿಗಳಲ್ಲಿ ಓದಲು ಸಿಗಬೇಕು, ಸಾರಾಂಶ ಕನ್ನಡದಲ್ಲಿ ಇರಬೇಕು. ಆ 30 ದಿನದಲ್ಲಿ ಓದಿ ಎತ್ತಿದ ಒಂದು ಆಕ್ಷೇಪ ನಡಾವಳಿಯಲ್ಲಿ ದಾಖಲಾಗುತ್ತದೆ. ಆನ್‌ಲೈನಿನಲ್ಲಿ ಬೈದ ನೂರು ಮಾತು ಎಲ್ಲೂ ದಾಖಲಾಗುವುದಿಲ್ಲ. ವಿರೋಧಿಸುವ ಸಂಘಟನೆಯ ಅಂಕಿಗೂ ಇದೇ ಜರಡಿ ಹಿಡಿಯಬೇಕು.

ಮೂಲ ಸರಿಯಿದ್ದು ತರ್ಕ ಜಾರುವುದು ಇನ್ನೂ ಸೂಕ್ಷ್ಮ. ಶರಾವತಿ ಭೂಗತ ವಿದ್ಯುತ್ ಯೋಜನೆಯನ್ನೇ ನೋಡಿ. ತಲಕಳಲೆ ಮೇಲಿನ ಜಲಾಶಯ, ಗೇರುಸೊಪ್ಪೆ ಕೆಳಗಿನದು, 250 ಮೆಗಾವಾಟಿನ ಎಂಟು ಘಟಕ, ಒಟ್ಟು 2,000 ಮೆಗಾವಾಟ್. ‘ಇದು ಉತ್ಪಾದಿಸುವುದಕ್ಕಿಂತ ಹೆಚ್ಚು ವಿದ್ಯುತ್ತನ್ನು ನುಂಗುತ್ತದೆ’ ಎನ್ನುವುದು ನಿಜ. ಕೆಳಗಿನ ನೀರನ್ನು ಮೇಲಕ್ಕೆತ್ತಿ, ಬೇಕಾದಾಗ ಇಳಿಸಿ ವಿದ್ಯುತ್ ಮಾಡುವ ಇಂಥ ಸ್ಥಾವರದಲ್ಲಿ ನೀರೆತ್ತಲು 100 ಯೂನಿಟ್ ಹಾಕಿದರೆ ವಾಪಸ್ ಬರುವುದು 75ರಿಂದ 80. ‘ಆದ್ದರಿಂದ ನಿರುಪಯುಕ್ತ’ ಎಂಬ ತೀರ್ಮಾನ ಮಾತ್ರ ಅದರಿಂದ ಹೊರಡುವುದಿಲ್ಲ. ಮಧ್ಯಾಹ್ನದ ಸೌರ ವಿದ್ಯುತ್ತನ್ನು ಸಂಜೆಗೆ ಕಾದಿಡುವ ವ್ಯವಸ್ಥೆ ಅದು, ಬ್ಯಾಟರಿಯಲ್ಲೂ ನಷ್ಟ ಇದ್ದೇ ಇದೆ. ಅತ್ತ ಕಡೆಯವರು ‘ಅರಣ್ಯ ಹೋಗುವುದು ಸುಮಾರು 54 ಹೆಕ್ಟೇರ್ ಮಾತ್ರ’ ಎನ್ನುತ್ತಾರೆ. ಅಂಕಿ ಕಾಗದದ್ದು, ‘ಮಾತ್ರ’ ಅವರದ್ದು. ಸಿಂಗಳೀಕದ ಕಾಡು ಹೆಕ್ಟೇರಿನಲ್ಲಿ ಮುಗಿಯುವುದಿಲ್ಲ. ಕೊಂಬೆಯಿಂದ ಕೊಂಬೆಗೆ ಹೋಗುವ ಪ್ರಾಣಿಗೆ ರಸ್ತೆ ಎಲ್ಲಿ ಸೀಳುತ್ತದೆ ಎಂಬುದು ಮುಖ್ಯ. ನಿಜವಾದ ಪ್ರಶ್ನೆಗಳು ಇಲ್ಲಿವೆ: ಇದೇ ಸಂಗ್ರಹವನ್ನು ಬೇರೆ ಜಾಗದಲ್ಲಿ, ಬೇರೆ ವಿಧಾನದಲ್ಲಿ ಮಾಡಿದರೆ ಖರ್ಚೆಷ್ಟು, ಸುರಂಗದ ಮಣ್ಣು ಎಲ್ಲಿ ಬೀಳುತ್ತದೆ, ಗುಡ್ಡದ ಇಳಿಜಾರು ಏನಾಗುತ್ತದೆ. ಕಾಡಿನ ಪರವಾಗಿ ಮಾತಾಡುವವರು ಗಟ್ಟಿಯಾದ ಈ ವಾದವನ್ನು ಬಿಟ್ಟು ಟೊಳ್ಳಾದುದನ್ನು ಹಿಡಿದಾಗ ಸಂಕಟವಾಗುತ್ತದೆ.

ಅಡಿಕೆಯ ಚರ್ಚೆಯಲ್ಲಿ ಎರಡು ಜಾರುಗಲ್ಲು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಗುಂಪು 1ಕ್ಕೆ ಸೇರಿಸಿದೆ, ತಂಬಾಕೂ ಅದೇ ಗುಂಪಿನಲ್ಲಿದೆ. ‘ಹಾಗಾದರೆ ಎರಡೂ ಅಷ್ಟೇ ಅಪಾಯ’ ಎಂದರೆ ತಪ್ಪು, ಯಾಕೆಂದರೆ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂದು, ಅಪಾಯ ಎಷ್ಟು ದೊಡ್ಡದು ಎಂದಲ್ಲ. ಬಿಸಿಲೂ ಆ ಗುಂಪಿನಲ್ಲಿದೆ. ಅದನ್ನೇ ಹಿಡಿದು ‘ಹಾಗಾದರೆ ಅಡಿಕೆಯಿಂದ ಏನೂ ಆಗದು’ ಎಂದರೆ ಅದು ಇನ್ನೂ ದೊಡ್ಡ ತಪ್ಪು, ಪುರಾವೆ ಗಟ್ಟಿಯಿದೆ ಎಂದೇ ಆ ಗುಂಪಿನ ಅರ್ಥ. ಬೆಳೆಗಾರರಾದ ನಮ್ಮ ಜಿಲ್ಲೆಯವರಿಗೆ ಎರಡನೆಯ ಮಾತು ಕಹಿ, ಆದರೂ ಅದು ಹಾಗೆಯೇ ಇದೆ. ಇನ್ನೊಂದು ಧಾರಣೆ. 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆ ಕಿಲೋಗೆ 251ರಿಂದ 351 ರೂಪಾಯಿಗೆ ಏರಿತು. ಆಮೇಲೆ ಧಾರಣೆ ಏರಿದರೆ ‘ನಾವೇ ಏರಿಸಿದ್ದು’, ಇಳಿದರೆ ‘ನೀವೇ ಇಳಿಸಿದ್ದು’. ಮೊದಲಾದದ್ದು ಆಮೇಲಾದದ್ದಕ್ಕೆ ಕಾರಣವೇ? ಏರಿಕೆ ಆದೇಶಕ್ಕೂ ಮುಂಚೆ ಶುರುವಾಗಿತ್ತೇ, ಆ ವರ್ಷ ಕೊಳೆರೋಗ ಎಷ್ಟು ಫಸಲು ತಿಂದಿತು, ಹಿಂದಿನ ವರ್ಷಗಳ ಅದೇ ತಿಂಗಳಲ್ಲಿ ಏನಿತ್ತು ಎಂದು ನೋಡಬೇಕು. ಹೋಲಿಸುವಾಗ ಅಡಿಕೆಯ ಬಗೆಯೂ ಒಂದೇ ಇರಬೇಕು: ರಾಶಿಗೆ ರಾಶಿ, ಚಾಲಿಗೆ ಚಾಲಿ. ಮಾರುಕಟ್ಟೆ ವರದಿಯ ಗರಿಷ್ಠ ದರ ಒಂದೇ ಒಳ್ಳೆಯ ಲಾಟಿಗೆ ಬಿದ್ದಿರಬಹುದು, ಹೆಚ್ಚಿನವರ ಕೈಗೆ ಬಂದದ್ದು ಮಾದರಿ ದರ. ಪೋಸ್ಟರಿನಲ್ಲಿ ‘ಗರಿಷ್ಠ’ ಎಂಬ ಪದ ಉದುರಿರುತ್ತದೆ.

ತಾಳಮದ್ದಳೆಯ ನೆಲದವರಿಗೆ ವಾದದ ರುಚಿ ಹೇಳಿಕೊಡಬೇಕಿಲ್ಲ. ಇಂದು ವಾಲಿಯಾದ ಅರ್ಥಧಾರಿ ನಾಳೆ ರಾಮನಾಗುತ್ತಾರೆ, ಎರಡೂ ಕಡೆ ಕೇಳುಗರನ್ನು ತಲೆದೂಗಿಸುತ್ತಾರೆ. ಮಾತು ಚೆನ್ನಾಗಿತ್ತು ಎಂಬುದಕ್ಕೂ ವಾಲಿವಧೆ ನ್ಯಾಯವೇ ಎಂಬುದಕ್ಕೂ ಅಂತರವಿದೆ ಎಂದು ಸಭೆಗೆ ಗೊತ್ತಿರುತ್ತದೆ. ಹಳೆಯ ತರ್ಕದಲ್ಲಿ ಸತ್ಯ ತಿಳಿಯಲು ಮಾಡುವುದು ವಾದ, ಗೆಲ್ಲಲು ಮಾಡುವುದು ಜಲ್ಪ, ತನ್ನದೆಂಬ ಪಕ್ಷವನ್ನೇ ಮುಂದಿಡದೆ ಎದುರಿನವರದ್ದನ್ನು ಕೆಡವುತ್ತ ಹೋಗುವುದು ವಿತಂಡ. ‘ಹಾಗಾದರೆ ನಿಮ್ಮ ಪ್ರಕಾರ ಏನಾಗಬೇಕು, ಯಾವ ಪುರಾವೆ ಸಿಕ್ಕರೆ ನೀವು ಅಭಿಪ್ರಾಯ ಬದಲಿಸುತ್ತೀರಿ?’ ಎಂದು ಮರ್ಯಾದೆಯಿಂದ ಒಮ್ಮೆ ಕೇಳಿದರೆ ಮೂರರಲ್ಲಿ ಯಾವುದು ನಡೆಯುತ್ತಿದೆ ಎಂದು ತಿಳಿಯುತ್ತದೆ. ಉತ್ತರವೇ ಬಾರದಿದ್ದರೆ ಅಲ್ಲಿಂದ ಎದ್ದುಬರಬಹುದು.

ಚಿತ್ರ ಮತ್ತು ವಿಡಿಯೊಗಳಿಗೆ ಬೇರೆಯೇ ಕಣ್ಣು ಬೇಕು. ಊರ ಹೆಸರೇ ಮೊದಲ ಬಲೆ. ಹೆದ್ದಾರಿ 66ರ ಮೇಲೆ ಎರಡು ಶಿರೂರು ಇವೆ. ಟೋಲ್‌ಗೇಟ್ ಇರುವುದು ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕಿನ ಶಿರೂರಿನಲ್ಲಿ, 2024ರ ಜುಲೈ 16ರಂದು ಗುಡ್ಡ ಕುಸಿದದ್ದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ. ‘ಸೇತುವೆ’ ಎಂದರೆ ಯಾವುದು? 2024ರ ಆಗಸ್ಟ್ 7ರ ನಡುರಾತ್ರಿ ಕುಸಿದದ್ದು ಸದಾಶಿವಗಡದ ಕಡೆಗಿನ ಕಾಳಿಯ ಹಳೆಯ ಸೇತುವೆ, ಪಕ್ಕದಲ್ಲೇ ಹೊಸದಿದೆ. ಚಿತ್ರದಲ್ಲಿ ವಾಹನ ಕಂಡರೆ ನೋಂದಣಿ ಫಲಕ ನೋಡಿ: ಕೆಎ 30 ಕಾರವಾರ, 31 ಶಿರಸಿ, 47 ಹೊನ್ನಾವರ, 65 ದಾಂಡೇಲಿ. ಎಲ್ಲ ಫಲಕವೂ ಕೇರಳದ್ದೋ ಮಹಾರಾಷ್ಟ್ರದ್ದೋ ಆಗಿದ್ದರೆ ಸಂಶಯಪಡಿ. ಗೂಗಲ್ ಲೆನ್ಸಿಗೆ ಇಡೀ ಚಿತ್ರ ಕೊಡುವ ಬದಲು ಕಟ್ಟಡ, ಬೋರ್ಡು, ಗುಡ್ಡದ ಭಾಗವನ್ನಷ್ಟೇ ಕತ್ತರಿಸಿ ಕೊಟ್ಟರೆ ಹಳೆಯ ಮೂಲ ಬೇಗ ಸಿಗುತ್ತದೆ. ವಾಟ್ಸ್‌ಆ್ಯಪ್ ಮೂಲಕ ಬಂದ ಚಿತ್ರದಲ್ಲಿ ತೆಗೆದ ತಾರೀಕಿನ ಮಾಹಿತಿ ಸಾಮಾನ್ಯವಾಗಿ ಉಳಿದಿರುವುದಿಲ್ಲ, ಹಾಗಾಗಿ ಕಡತದ ವಿವರ ನೋಡಿ ಹೆಚ್ಚು ಪ್ರಯೋಜನವಿಲ್ಲ. ಎರಡು ಬಾಣದ ಗುರುತು ಇದ್ದರೆ ಅದು ಕನಿಷ್ಠ ಐದು ಕೈ ದಾಟಿದೆ. ಪತ್ರಿಕೆಯ ತುಣುಕು ಬಂದರೆ ಅದೇ ತಾರೀಕಿನ ಇ-ಪೇಪರಿನಲ್ಲಿ ಪುಟ ಹುಡುಕಿ, ಜಿಲ್ಲಾ ಪುಟಗಳು ಆವೃತ್ತಿಗೊಂದು ಬೇರೆಯಿರುವುದರಿಂದ ಸರಿಯಾದ ಆವೃತ್ತಿಯನ್ನೇ ತೆರೆಯಬೇಕು.

ಭಾಷಣದ ತುಣುಕಿನಲ್ಲಿ ಕನ್ನಡದ ವಾಕ್ಯರಚನೆಯೇ ಮೋಸಕ್ಕೆ ಎಡೆ ಕೊಡುತ್ತದೆ. ನಮ್ಮ ಭಾಷೆಯಲ್ಲಿ ನಿರಾಕರಣೆಯೂ, ಯಾರ ಮಾತು ಎಂಬುದೂ ಕೊನೆಗೆ ಬರುತ್ತವೆ. ‘ಅತಿಕ್ರಮಣದಾರರನ್ನೆಲ್ಲ ಒಕ್ಕಲೆಬ್ಬಿಸಬೇಕು ಅಂತ ನಾನು ಹೇಳ್ತಾ ಇಲ್ಲ’ ಎಂಬ ವಾಕ್ಯದ ಕೊನೆಯ ನಾಲ್ಕು ಪದ ಕತ್ತರಿಸಿದರೆ ಅರ್ಥ ತಲೆಕೆಳಗು. ತುಣುಕು ಕ್ರಿಯಾಪದದ ಮೇಲೆ ಥಟ್ಟನೆ ನಿಂತಿದ್ದರೆ, ಉಸಿರು ಎಳೆದುಕೊಳ್ಳುವ ಸದ್ದೂ ಇಲ್ಲದಿದ್ದರೆ, ಪೂರ್ತಿ ಭಾಷಣ ಹುಡುಕಿ ಆ ಜಾಗದ ಹಿಂದೆ ಎರಡು ನಿಮಿಷ, ಮುಂದೆ ಎರಡು ನಿಮಿಷ ಕೇಳಬೇಕು.

ಕೆಲವು ಸುದ್ದಿಗೆ ಈ ಯಾವ ಉಪಾಯವೂ ಮೊದಲ ದಿನ ಸಾಲದು. 2017ರ ಡಿಸೆಂಬರಿನಲ್ಲಿ ಹೊನ್ನಾವರದಲ್ಲಿ ಯುವಕನೊಬ್ಬ ಸತ್ತಾಗ, ಸಾವು ಹೇಗಾಯಿತು ಎಂಬ ಬಗೆಬಗೆಯ ವರ್ಣನೆಗಳು ಗಂಟೆಗಳಲ್ಲಿ ಹಬ್ಬಿದವು, ಕುಮಟಾ, ಶಿರಸಿಗಳವರೆಗೂ ಗಲಭೆಯಾಯಿತು. ಸಿಬಿಐ ತನಿಖೆ ಮುಗಿಸಿ ಅದು ಆಕಸ್ಮಿಕವಾಗಿ ನೀರಿನಲ್ಲಿ ಮುಳುಗಿ ಆದ ಸಾವು ಎಂದು ಕೋರ್ಟಿಗೆ ವರದಿ ಕೊಟ್ಟದ್ದು 2022ರ ಅಕ್ಟೋಬರಿನಲ್ಲಿ. ಸಾವಿನ ಸುದ್ದಿಯಲ್ಲಿ ಮೊದಲ ದಿನ ನಮಗೆ ಖಚಿತವಾಗಿ ಗೊತ್ತಾಗುವುದು ಸಾವು ಆಗಿದೆ ಎಂಬುದೊಂದೇ. ಕಾರಣಕ್ಕೆ ಎಫ್6 ಹಾಕಿ, ಮನೆಯವರ ದುಃಖಕ್ಕೆ ಜಾಗ ಬಿಡಬೇಕು.

ಇಷ್ಟೆಲ್ಲ ಎಚ್ಚರಿದ್ದರೂ ತಪ್ಪು ಸಂದೇಶ ಕೈಯಿಂದ ಹೋಗುತ್ತದೆ. ವಾಟ್ಸ್‌ಆ್ಯಪಿನಲ್ಲಿ ಎಲ್ಲರಿಗೂ ಅಳಿಸಲು ಎರಡು ದಿನಕ್ಕೂ ಸ್ವಲ್ಪ ಹೆಚ್ಚು ಹೊತ್ತು ಇರುತ್ತದೆ, ಆದರೆ ಬೇರೆಯವರು ಈಗಾಗಲೇ ದಾಟಿಸಿದ್ದು ಅದರಿಂದ ಅಳಿಯುವುದಿಲ್ಲ. ಸುಮ್ಮನೆ ಅಳಿಸಿದರೆ ಗ್ರೂಪಿನವರಿಗೆ ಏನು ತಪ್ಪಾಗಿತ್ತು ಎಂದೂ ತಿಳಿಯುವುದಿಲ್ಲ. ಹಾಕಿದ ಗ್ರೂಪಿನಲ್ಲೇ, ಹಳೆಯ ಸಂದೇಶಕ್ಕೇ ಉತ್ತರವಾಗಿ ತಿದ್ದುಪಡಿ ಬರೆಯಬೇಕು. ತಪ್ಪು ಹೇಳಿಕೆಯನ್ನು ಪೂರ್ತಿ ಮತ್ತೆ ಬರೆಯುವುದು ಬೇಡ, ಅದೇ ನೆನಪಿನಲ್ಲಿ ಉಳಿಯುತ್ತದೆ. ಸರಿಯಾದದ್ದು ಮೊದಲು, ಕಾಗದದ ತಾರೀಕು ಆಮೇಲೆ, ಸ್ಕ್ರೀನ್‌ಶಾಟ್ ತೆಗೆದರೆ ಒಂದೇ ಪರದೆಯಲ್ಲಿ ಹಿಡಿಯುವಷ್ಟು: ‘ಈಗಿರುವ ಮನೆ ದುರಸ್ತಿಗೆ ನಿರ್ಬಂಧವಿಲ್ಲ. 2024ರ ಜುಲೈ 31ರ ಕರಡು ಅಧಿಸೂಚನೆಯಲ್ಲಿ ಹೀಗಿದೆ, ಆ ಪುಟದ ಚಿತ್ರ ಕೆಳಗಿದೆ. ನಿನ್ನೆ ನಾನು ಹಾಕಿದ್ದು ತಪ್ಪು. ಚಿರೆಕಲ್ಲು ಕ್ವಾರಿಗಳ ವಿಷಯ ಬೇರೆ, ಅದರಲ್ಲಿ ನಿಷೇಧವಿದೆ. ಬೇರೆ ಗ್ರೂಪಿಗೆ ದಾಟಿಸಿದ್ದರೆ ದಯವಿಟ್ಟು ಇದನ್ನೂ ದಾಟಿಸಿ.’